ಸೇವೆಗೂ ಗುರುತಿಗೂ ಕಾನೂನಿನ ಆಸರೆ
(ಕೊರ್ಲಿಮ್‌ನ ಕನ್ನಡಿಗರ ಸಭೆಯಲ್ಲಿ ನೀಡಿದ ದತ್ತಿ ಉಪನ್ಯಾಸದ ಲಿಖಿತ ರೂಪ)



ಪಾಳಿ ಮುಗಿಸಿ ಕಾರ್ಖಾನೆಯಿಂದ ನೇರವಾಗಿ ಬಂದವರೂ ಈ ಸಭೆಯಲ್ಲಿದ್ದೀರಿ. ಕುರ್ಚಿ ಹಾಕಿದವರು, ಆಮಂತ್ರಣ ಹಂಚಿದವರು, ಊಟಕ್ಕೆ ಅಣಿ ಮಾಡಿದವರು ಯಾರೂ ಸಂಬಳಕ್ಕೆ ದುಡಿದವರಲ್ಲ. ಹೊರನಾಡಿನಲ್ಲಿ ಕನ್ನಡ ಉಳಿದಿರುವುದೇ ಇಂಥ ಕೈಗಳಿಂದ. ಇವತ್ತಿನ ನನ್ನ ಮಾತು ಅವರ ಬಗ್ಗೆಯೇ.

ಎರಡು ಪ್ರಶ್ನೆಗಳನ್ನು ನಿಮ್ಮ ಮುಂದಿಡುತ್ತೇನೆ. ಸಂಬಳವಿಲ್ಲದೆ ಅಥವಾ ಗೌರವಧನಕ್ಕೆ ದುಡಿಯುವ ವ್ಯಕ್ತಿಯನ್ನು ಜಾತಿ, ಧರ್ಮ, ಲಿಂಗ, ಭಾಷೆ, ಕಾಯಿಲೆಯ ಕಾರಣಕ್ಕೆ ಹೊರಗಿಟ್ಟರೆ, ಅವಮಾನಿಸಿದರೆ, ಕಾನೂನು ಆ ವ್ಯಕ್ತಿಯ ನೆರವಿಗೆ ಬರುತ್ತದೆಯೇ? ಇದು ಮೊದಲನೆಯದು. ಒಬ್ಬ ಮನುಷ್ಯನ ನಂಬಿಕೆಗೆ, ಹುಟ್ಟಿಗೆ ರಕ್ಷಣೆ ಕೊಡುವ ಕಾನೂನು ಆ ನಂಬಿಕೆ, ಆ ಹುಟ್ಟು ಹೊರಗೆ ಕಾಣುವ ಬಗೆಗೂ, ಅಂದರೆ ಉಡುಪು, ಕೂದಲು, ಹಣೆಯ ಗುರುತು, ಮಾತಿನ ಧಾಟಿ ಇವುಗಳಿಗೂ ರಕ್ಷಣೆ ಕೊಡುತ್ತದೆಯೇ? ಇದು ಎರಡನೆಯದು.

ನನ್ನ ಮಟ್ಟಿಗೆ ಇವೆರಡೂ ಒಂದೇ ಪ್ರಶ್ನೆ. ತಾರತಮ್ಯ ಮಾಡುವವನು ಎದುರಿಗಿರುವವರ ಮನಸ್ಸಿನೊಳಗೆ ಇಣುಕಿ ನೋಡುವುದಿಲ್ಲ. ಅವರ ವೇತನದ ಚೀಟಿಯನ್ನೂ ಕೇಳುವುದಿಲ್ಲ. ಕಣ್ಣಿಗೆ ಕಂಡದ್ದನ್ನು ನೋಡಿ, ಕಿವಿಗೆ ಬಿದ್ದದ್ದನ್ನು ಕೇಳಿ ತೀರ್ಮಾನಿಸುತ್ತಾನೆ. ಪೆಟ್ಟು ಬೀಳುವ ಜಾಗದಲ್ಲಿ ಕಾನೂನು ಇಲ್ಲದಿದ್ದರೆ, ಬೇರೆಲ್ಲಿದ್ದರೂ ಪ್ರಯೋಜನ ಕಡಿಮೆ.

ಈ ನೆಲದ ಪಾಠ

ಕೊರ್ಲಿಮ್‌ಗೆ ಹೊಂದಿಕೊಂಡೇ ಹಳೆ ಗೋವಾ ಇದೆ. 1560ರಲ್ಲಿ ಆರಂಭವಾದ ಗೋವಾದ ಇನ್‌ಕ್ವಿಸಿಷನ್ ನ್ಯಾಯಪೀಠ, ನಡುವೆ ಕೆಲವು ವರ್ಷ ಬಿಟ್ಟರೆ, 1812ರವರೆಗೆ ಅಲ್ಲಿಂದಲೇ ನಡೆಯಿತು. ಅದರ ಕಠೋರ ಶಿಕ್ಷೆಗಳ ಕಥೆ ಬಹಳ ಜನರಿಗೆ ಗೊತ್ತಿದೆ. ದಿನನಿತ್ಯದ ಬದುಕಿನಲ್ಲಿ ಅದು ಮಾಡಿದ ಕೆಲಸ ಅಷ್ಟಾಗಿ ಗೊತ್ತಿಲ್ಲ. 1736ರ ಏಪ್ರಿಲ್‌ನಲ್ಲಿ ಹೊರಡಿಸಿದ ಒಂದು ಆಜ್ಞೆ ಉಡುಗೆ, ಅಡುಗೆ, ಮದುವೆಯ ಹಾಡುಗಳವರೆಗೂ ಕೈಚಾಚಿತು. ಮತಾಂತರಗೊಂಡ ಕುಟುಂಬಗಳ ಗಂಡಸರು ಧೋತರ ಉಡಬಾರದು, ಹೆಂಗಸರು ಹಳೆಯ ರೀತಿಯ ಚೋಳಿ ತೊಡಬಾರದು, ಮದುವೆಯಲ್ಲಿ ಕೊಂಕಣಿಯ ಓವಿಗಳನ್ನು ಹಾಡಬಾರದು, ಹಿತ್ತಲಲ್ಲಿ ತುಳಸಿ ಬೆಳೆಸಬಾರದು. ಹಿಂದೂಗಳಾಗಿಯೇ ಉಳಿದವರ ಪಾಡು ಇನ್ನೊಂದು ಬಗೆಯದು: ತಲೆಯ ಮೇಲಿನ ಜುಟ್ಟಿಗೇ ತೆರಿಗೆ. ಶೆಂಡಿ ತೆರಿಗೆ ಎಂದು ಇಲ್ಲಿಯ ಜನ ಕರೆದ ಆ ಕರವನ್ನು 1704ರಲ್ಲಿ ಹೇರಲಾಯಿತು, 1840ರಲ್ಲಿ ತೆಗೆಯಲಾಯಿತು.

ಈ ಇತಿಹಾಸವನ್ನು ಒಂದು ಸಮುದಾಯದ ಮೇಲೆ ಇನ್ನೊಂದನ್ನು ಎತ್ತಿಕಟ್ಟಲು ಬಳಸುವವರಿದ್ದಾರೆ. ಅದು ನನಗೆ ಒಪ್ಪಿಗೆಯಿಲ್ಲ. 1736ರ ಆಜ್ಞೆಯ ಏಟು ಬಿದ್ದದ್ದು ಇಂದಿನ ಗೋವಾ ಕ್ರೈಸ್ತರ ಪೂರ್ವಜರ ಮೇಲೆ. ಶೆಂಡಿ ತೆರಿಗೆಯ ಭಾರ ಹೊತ್ತದ್ದು ಇಂದಿನ ಹಿಂದೂಗಳ ಪೂರ್ವಜರು. ಇಬ್ಬರೂ ಒಂದೇ ಆಳ್ವಿಕೆಯ ಕೈಯಲ್ಲಿ ನೊಂದವರು. ಒಬ್ಬರ ನಂಬಿಕೆಯನ್ನು, ಮೂಲವನ್ನು ಅಳಿಸಬೇಕೆಂದರೆ ಅದು ಹೊರಗೆ ಕಾಣುವ ಗುರುತನ್ನು ಮೊದಲು ಅಳಿಸಬೇಕು ಎಂಬುದು ಆ ಆಡಳಿತಕ್ಕೆ ಚೆನ್ನಾಗಿ ಗೊತ್ತಿತ್ತು. ದಮನ ಮಾಡುವವರಿಗೆ ಅಂದೇ ಹೊಳೆದಿದ್ದ ಈ ಸತ್ಯ ರಕ್ಷಣೆ ಕೊಡುವ ನಮ್ಮ ಕಾನೂನಿಗೆ ಇನ್ನೂ ಪೂರ್ತಿಯಾಗಿ ಹೊಳೆದಿಲ್ಲ.

ಸಂವಿಧಾನ ಕೊಟ್ಟದ್ದು, ಬಿಟ್ಟದ್ದು

ಸಂವಿಧಾನದ 15ನೇ ವಿಧಿ ಧರ್ಮ, ಜನಾಂಗ, ಜಾತಿ, ಲಿಂಗ, ಹುಟ್ಟಿದ ಸ್ಥಳ ಇವುಗಳ ಆಧಾರದ ಮೇಲೆ ಸರ್ಕಾರ ಭೇದ ಮಾಡಬಾರದು ಎನ್ನುತ್ತದೆ. ಅಂಗಡಿ, ಹೋಟೆಲು, ಬಾವಿ, ಕೆರೆ, ರಸ್ತೆಗಳ ವಿಷಯದಲ್ಲಿ ಅದೇ ವಿಧಿಯ ಎರಡನೇ ಖಂಡ ಖಾಸಗಿಯವರನ್ನೂ ಕಟ್ಟಿಹಾಕುತ್ತದೆ. 16ನೇ ವಿಧಿ ಸರ್ಕಾರಿ ನೌಕರಿಯಲ್ಲಿ ಸಮಾನ ಅವಕಾಶ ಕೊಡುತ್ತದೆ. ವಂಶ, ವಾಸಸ್ಥಳಗಳನ್ನೂ ಪಟ್ಟಿಗೆ ಸೇರಿಸುತ್ತದೆ. 17ನೇ ವಿಧಿ ಅಸ್ಪೃಶ್ಯತೆಯನ್ನು ಯಾರೇ ಆಚರಿಸಿದರೂ ಅಪರಾಧವೆನ್ನುತ್ತದೆ. ಭಾಷೆಯ ಹೆಸರು 15 ಮತ್ತು 16ನೇ ವಿಧಿಗಳ ಪಟ್ಟಿಯಲ್ಲಿ ಇಲ್ಲ. ಅದು ಬರುವುದು 29ನೇ ವಿಧಿಯಲ್ಲಿ, ಸರ್ಕಾರ ನಡೆಸುವ ಅಥವಾ ಸರ್ಕಾರದ ನೆರವು ಪಡೆಯುವ ಶಾಲೆಯ ಪ್ರವೇಶದ ಮಾತು ಬಂದಾಗ.

ಇದರ ಅರ್ಥ ಗೋವಾದ ಕನ್ನಡಿಗರಿಗೆ ಬಿಡಿಸಿ ಹೇಳಬೇಕಾಗಿಲ್ಲ. ವಿಜಯಪುರ, ಬಾಗಲಕೋಟೆ, ಗದಗ, ಕೊಪ್ಪಳಗಳಿಂದ ಅನಮೋಡ ಘಾಟು ಇಳಿದು ಬಂದವರು ಈ ರಾಜ್ಯದ ರಸ್ತೆ, ಸೇತುವೆ, ಮನೆಗಳನ್ನು ಕಟ್ಟಿದ್ದಾರೆ. ಇದೇ ಕೊರ್ಲಿಮ್‌ನ ಕೈಗಾರಿಕಾ ವಸಾಹತುವಿನಲ್ಲಿ ಯಂತ್ರ ನಡೆಸಿದ್ದಾರೆ. ಬಾಡಿಗೆ ಮನೆ ಕೇಳಲು ಹೋದಾಗ ಹೆಸರಿಗಿಂತ ಮೊದಲು ಮಾತಿನ ಧಾಟಿಯೇ ಗುರುತು ಹೇಳಿಬಿಡುತ್ತದೆ. ಕಲಂಗುಟ್, ಅಂಜುನಾ ತೀರಗಳಲ್ಲಿ ವ್ಯಾಪಾರ ಮಾಡುವ ಲಂಬಾಣಿ ತಾಯಂದಿರಿಗೆ ತಮ್ಮ ಕಸೂತಿಯ ಉಡುಪೇ ಗುರುತು. ಅದೇ ಉಡುಪು ಪ್ರವಾಸಿಯ ಫೋಟೊದಲ್ಲಿ ಚೆಂದ ಕಾಣುತ್ತದೆ. ಕೆಲಸ ಕೇಳಲು ಹೋದ ಬಾಗಿಲಲ್ಲಿ ಅಡ್ಡಿಯಾಗುತ್ತದೆ. ಘಟ್ಟದಾಚೆಯವರೆಂದು ಹೀಯಾಳಿಸುವ ‘ಘಾಟಿ’ ಎಂಬ ಪದದಿಂದ ಕರೆಸಿಕೊಂಡ ನೋವು ಈ ಸಭೆಯಲ್ಲಿ ಬಹಳ ಜನರಿಗಿದೆ. 2004ರ ಮಳೆಗಾಲದಲ್ಲಿ ವಾಸ್ಕೊದ ಬೈನಾದಲ್ಲಿ ಮನೆಗಳನ್ನು ಕೆಡವಿದಾಗ ಬೀದಿಗೆ ಬಿದ್ದವರಲ್ಲಿ ನಮ್ಮವರು ಎಷ್ಟು ಜನ ಇದ್ದರೆಂಬುದನ್ನು ಹಿರಿಯರು ಮರೆತಿಲ್ಲ.

ಖಾಸಗಿ ಮಾಲೀಕ, ಖಾಸಗಿ ಸಂಘ, ಮನೆಯೊಡೆಯ ಇವರು ಮಾಡುವ ಭೇದಭಾವವನ್ನು ಒಟ್ಟಾರೆಯಾಗಿ ತಡೆಯುವ ಒಂದು ಕಾನೂನು ಭಾರತದಲ್ಲಿ ಇಲ್ಲ. 2005ರಲ್ಲಿ ಜೊರಾಸ್ಟ್ರಿಯನ್ ಗೃಹನಿರ್ಮಾಣ ಸಹಕಾರ ಸಂಘದ ಪ್ರಕರಣದಲ್ಲಿ, ಪಾರ್ಸಿಗಳಿಗೆ ಮಾತ್ರ ಸದಸ್ಯತ್ವ ಎಂಬ ಸಂಘದ ನಿಯಮವನ್ನು ಸುಪ್ರೀಂ ಕೋರ್ಟ್ ಎತ್ತಿಹಿಡಿಯಿತು. 2006ರಲ್ಲಿ, ದೇಶದ ಮುಸ್ಲಿಮರ ಸ್ಥಿತಿಗತಿಯನ್ನು ಅಧ್ಯಯನ ಮಾಡಿದ ಸಾಚಾರ್ ಸಮಿತಿ ಸಮಾನ ಅವಕಾಶ ಆಯೋಗ ಬೇಕೆಂದಿತು. ಅದರ ಸ್ವರೂಪ ಹೇಗಿರಬೇಕೆಂದು 2008ರಲ್ಲಿ ಎನ್.ಆರ್. ಮಾಧವ ಮೆನನ್ ಅವರ ತಜ್ಞರ ತಂಡ ವರದಿ ಕೊಟ್ಟಿತು. ತಾರತಮ್ಯ ವಿರೋಧಿ ಮಸೂದೆಯೊಂದನ್ನು ಶಶಿ ತರೂರ್ 2017ರಲ್ಲಿ ಲೋಕಸಭೆಯಲ್ಲಿ ಖಾಸಗಿ ಸದಸ್ಯರ ಮಸೂದೆಯಾಗಿ ಮಂಡಿಸಿದರು. ಯಾವುದೂ ಕಾನೂನಾಗಲಿಲ್ಲ.

ಕಾಣುವ ಗುರುತು

ಇಷ್ಟಾದರೂ ನಮ್ಮಲ್ಲಿ ಏನೂ ಇಲ್ಲ ಎನ್ನುವಂತಿಲ್ಲ. 2014ರ ಏಪ್ರಿಲ್ 15ರಂದು, ಲಿಂಗತ್ವ ಅಲ್ಪಸಂಖ್ಯಾತರ ಹಕ್ಕುಗಳ ನಾಲ್ಸಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ವ್ಯಕ್ತಿ ತನ್ನ ಲಿಂಗ ಗುರುತನ್ನು ಉಡುಪು, ಮಾತು, ನಡೆ, ವರ್ತನೆಗಳ ಮೂಲಕ ತೋರಿಸಿಕೊಳ್ಳುವುದು 19ನೇ ವಿಧಿಯ ಅಭಿವ್ಯಕ್ತಿ ಸ್ವಾತಂತ್ರ್ಯದ ಭಾಗ ಎಂದು ಹೇಳಿತು. ಸೀರೆ ಉಟ್ಟು ಹಣೆಗೆ ಭಂಡಾರ ಹಚ್ಚಿಕೊಂಡು ಸಾರ್ವಜನಿಕ ಜೀವನಕ್ಕೆ ಬಂದ ಲಿಂಗತ್ವ ಅಲ್ಪಸಂಖ್ಯಾತ ಕಲಾವಿದೆ ಮಂಜಮ್ಮ ಜೋಗತಿ ಅವರು 2019ರಲ್ಲಿ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷೆಯಾದರು, 2021ರಲ್ಲಿ ಪದ್ಮಶ್ರೀ ಪಡೆದರು. ಅದೇ 2021ರಲ್ಲಿ ಸರ್ಕಾರಿ ನೇಮಕಾತಿಯಲ್ಲಿ ಲಿಂಗತ್ವ ಅಲ್ಪಸಂಖ್ಯಾತರಿಗೆ ಶೇ 1ರ ಸಮತಲ ಮೀಸಲಾತಿಯನ್ನು ದೇಶದಲ್ಲೇ ಮೊದಲು ಕೊಟ್ಟದ್ದು ಕರ್ನಾಟಕ.

ಇನ್ನೊಂದು ಕಾನೂನನ್ನು ನಾನು ಮತ್ತೆ ಮತ್ತೆ ತೆರೆದು ಓದುತ್ತೇನೆ. ಪರಿಶಿಷ್ಟ ಜಾತಿ ಮತ್ತು ಪಂಗಡಗಳ ಮೇಲಿನ ದೌರ್ಜನ್ಯ ತಡೆ ಕಾಯ್ದೆಗೆ 2015ರಲ್ಲಿ ತಿದ್ದುಪಡಿಯಾಯಿತು. 2016ರ ಜನವರಿ 26ರಿಂದ ಅದು ಜಾರಿಗೆ ಬಂತು. ಬಲವಂತವಾಗಿ ಮೀಸೆ ತೆಗೆಸುವುದು, ತಲೆ ಬೋಳಿಸುವುದು ಅಪರಾಧವೆಂದು ಅದರಲ್ಲಿ ಸ್ಪಷ್ಟವಾಗಿ ಬರೆದಿದೆ. ಸಾರ್ವಜನಿಕ ಸ್ಥಳದಲ್ಲಿ ಚಪ್ಪಲಿ ಮೆಟ್ಟದಂತೆ, ಹೊಸ ಬಟ್ಟೆ ತೊಡದಂತೆ, ಸೈಕಲ್ ಅಥವಾ ಬೈಕ್ ಏರದಂತೆ, ಮದುವೆಯ ಮೆರವಣಿಗೆಯಲ್ಲಿ ಕುದುರೆ ಹತ್ತದಂತೆ ತಡೆಯುವುದೂ ಅಪರಾಧ. ಶಾಸನವೊಂದು ಚಪ್ಪಲಿ, ಮೀಸೆ, ಹೊಸ ಬಟ್ಟೆಯ ಹೆಸರು ಹಿಡಿದು ಮಾತಾಡಿದೆ. ಹಳ್ಳಿಯ ಬೀದಿಯಲ್ಲಿ ಅವಮಾನ ಹೇಗೆ ನಡೆಯುತ್ತದೆ ಎಂದು ಬಲ್ಲವರಷ್ಟೇ ಹೀಗೆ ಬರೆಯಬಲ್ಲರು. ಜಾತಿ ಎಂಬ ಒಂದು ಪದವನ್ನು ಕಾಪಾಡಿ ಮೀಸೆಯನ್ನು ಕೈಬಿಟ್ಟಿದ್ದರೆ ಆ ಕಾಪಾಡುವಿಕೆ ಕಾಗದದಲ್ಲೇ ಉಳಿಯುತ್ತಿತ್ತು.

ಉಳಿದ ಗುರುತುಗಳ ವಿಷಯದಲ್ಲಿ ನಮ್ಮ ದಾರಿ ಇನ್ನೂ ಸ್ಪಷ್ಟವಾಗಿಲ್ಲ. ಉಡುಪಿಯ ಸರ್ಕಾರಿ ಪದವಿಪೂರ್ವ ಕಾಲೇಜಿನಿಂದ ಆರಂಭವಾದ ಹಿಜಾಬ್ ಪ್ರಕರಣದಲ್ಲಿ 2022ರ ಮಾರ್ಚ್ 15ರಂದು ಕರ್ನಾಟಕ ಹೈಕೋರ್ಟ್, ಸಮವಸ್ತ್ರ ಕಡ್ಡಾಯವೆಂಬ ಸರ್ಕಾರದ ಆದೇಶವನ್ನು ಎತ್ತಿಹಿಡಿಯಿತು. ಅಕ್ಟೋಬರ್ 13ರಂದು ಸುಪ್ರೀಂ ಕೋರ್ಟ್‌ನ ಇಬ್ಬರು ನ್ಯಾಯಮೂರ್ತಿಗಳು ಭಿನ್ನ ತೀರ್ಪು ಕೊಟ್ಟರು: ಹೇಮಂತ್ ಗುಪ್ತಾ ಹೈಕೋರ್ಟ್ ತೀರ್ಪನ್ನು ಒಪ್ಪಿದರು, ಸುಧಾಂಶು ಧೂಲಿಯಾ ಒಪ್ಪಲಿಲ್ಲ. ಹೆಣ್ಣುಮಗುವಿನ ಓದು ಮುಂದುವರಿಯಬೇಕು ಎಂಬುದನ್ನು ಧೂಲಿಯಾ ತಮ್ಮ ತೀರ್ಪಿನ ನಡುವೆಯೇ ಇಟ್ಟರು. 2025ರ ಏಪ್ರಿಲ್‌ನಲ್ಲಿ ಸಿಇಟಿ ಪರೀಕ್ಷೆಗೆ ಬಂದ ಹುಡುಗರ ಜನಿವಾರ ತೆಗೆಸಿದರೆಂದು ಶಿವಮೊಗ್ಗ, ಬೀದರ್‌ಗಳಿಂದ ದೂರು ಬಂತು; ಸರ್ಕಾರ ಅದನ್ನು ತಪ್ಪೆಂದು ಕಂಡು ಕ್ರಮಕ್ಕೆ ಮುಂದಾಯಿತು.

ಈ ಎರಡು ಘಟನೆಗಳಲ್ಲಿ ಒಂದಕ್ಕೆ ಮರುಗಿ ಇನ್ನೊಂದಕ್ಕೆ ಮುಖ ತಿರುಗಿಸಿದವರು ಎರಡೂ ಕಡೆ ಇದ್ದಾರೆ. ತಲೆಯ ವಸ್ತ್ರವಾಗಲಿ, ಹೆಗಲ ದಾರವಾಗಲಿ, ಪೇಟವಾಗಲಿ, ಶಿಲುಬೆಯಾಗಲಿ, ಕೊರಳ ತಾಳಿಯಾಗಲಿ, ಅಳೆಯುವ ಕೋಲು ಒಂದೇ ಇರಬೇಕು. ಈ ಗುರುತಿನಿಂದ ಇನ್ನೊಬ್ಬರಿಗೆ ತೊಂದರೆ ಇದೆಯೇ? ಕೆಲಸಕ್ಕೋ ಪರೀಕ್ಷೆಗೋ ನಿಜವಾದ ಅಡ್ಡಿ ಇದೆಯೇ? ಅಡ್ಡಿ ಇದ್ದರೆ ಗುರುತನ್ನು ಉಳಿಸಿಕೊಂಡೇ ಅದನ್ನು ನಿವಾರಿಸುವ ದಾರಿ ಇದೆಯೇ? ಧರ್ಮಗ್ರಂಥದಲ್ಲಿ ಇದು ಕಡ್ಡಾಯವೋ ಅಲ್ಲವೋ ಎಂದು ನ್ಯಾಯಾಲಯ ಹುಡುಕುತ್ತ ಕೂರುವುದಕ್ಕಿಂತ ಈ ಮೂರು ಪ್ರಶ್ನೆಗಳು ಹೆಚ್ಚು ನೇರವಾದವು, ಎಲ್ಲರಿಗೂ ಸಮಾನವಾದವು.

ಹೊರಗಿನ ಅನುಭವವೂ ಇದಕ್ಕೆ ಪೂರಕವಾಗಿದೆ. ಬರ್ಮಿಂಗ್‌ಹ್ಯಾಮ್‌ನ ಶಾಲೆಯೊಂದು ಪೇಟ ಕಟ್ಟಿದ ಸಿಖ್ ಹುಡುಗನಿಗೆ ಪ್ರವೇಶ ನಿರಾಕರಿಸಿದಾಗ, ಎಲ್ಲರಿಗೂ ಒಂದೇ ನಿಯಮ ಎಂಬ ವಾದವನ್ನು 1983ರಲ್ಲಿ ಬ್ರಿಟನ್ನಿನ ಹೌಸ್ ಆಫ್ ಲಾರ್ಡ್ಸ್ ಒಪ್ಪಲಿಲ್ಲ. ಒಂದೇ ನಿಯಮ ಒಂದು ಸಮುದಾಯದ ಮೇಲೆ ಮಾತ್ರ ಭಾರ ಹಾಕಿದರೆ ಅದೂ ತಾರತಮ್ಯ ಎಂದಿತು. ಅಮೆರಿಕದ ಕ್ಯಾಲಿಫೋರ್ನಿಯಾ 2019ರಲ್ಲಿ ಮಾಡಿದ ಕ್ರೌನ್ ಕಾಯ್ದೆ, ಕಪ್ಪು ಜನರ ಸಹಜ ಕೂದಲು ಮತ್ತು ಜಡೆಯ ಬಗೆಗಳನ್ನು ಜನಾಂಗ ಎಂಬ ವ್ಯಾಖ್ಯೆಯೊಳಗೇ ಸೇರಿಸಿತು. ನಮ್ಮ ಸುಪ್ರೀಂ ಕೋರ್ಟ್ ಕೂಡ 2021ರ ಮಾರ್ಚ್‌ನಲ್ಲಿ, ಸೇನೆಯ ಮಹಿಳಾ ಅಧಿಕಾರಿಗಳ ನಿತೀಶಾ ಪ್ರಕರಣದಲ್ಲಿ, ಪರೋಕ್ಷ ತಾರತಮ್ಯವನ್ನು ಗುರುತಿಸಿದೆ. ಬೇಕಾದ ತತ್ವ ನಮ್ಮಲ್ಲಿಯೇ ಇದೆ. ಅದನ್ನು ಶಾಸನವಾಗಿಸುವುದು ಬಾಕಿ.

ಗೌರವಧನದ ಹೆಸರಿನಲ್ಲಿ

ಈಗ ಸೇವೆಯ ಮಾತಿಗೆ ಬರೋಣ. 1975ರಲ್ಲಿ ಆರಂಭವಾದ ಸಮಗ್ರ ಶಿಶು ಅಭಿವೃದ್ಧಿ ಯೋಜನೆಗೆ ಕರ್ನಾಟಕದಲ್ಲಿ ಮೊದಲು ಆಯ್ಕೆಯಾದ ಕಡೆ ಟಿ. ನರಸೀಪುರ. ಅಂದಿನಿಂದ ಇಂದಿನವರೆಗೆ ಅಂಗನವಾಡಿ ಕಾರ್ಯಕರ್ತೆ ಮಕ್ಕಳ ತೂಕ ನೋಡಿದ್ದಾಳೆ, ಗರ್ಭಿಣಿಯರ ಪಟ್ಟಿ ಬರೆದಿದ್ದಾಳೆ, ಚುನಾವಣೆ, ಗಣತಿಯ ಕೆಲಸಕ್ಕೂ ಹೋಗಿದ್ದಾಳೆ. ಆದರೆ ಆಕೆ ನೌಕರಳಲ್ಲ, ಗೌರವಧನ ಪಡೆಯುವ ಕಾರ್ಯಕರ್ತೆ. ಕರ್ನಾಟಕ ಸರ್ಕಾರ ಮತ್ತು ಅಮೀರ್‌ಬಿ ನಡುವಿನ ಪ್ರಕರಣದಲ್ಲಿ 2006ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಹೇಳಿತು: ಇದು ನಾಗರಿಕ ಹುದ್ದೆಯಲ್ಲ, ಆದ್ದರಿಂದ ಸರ್ಕಾರಿ ನೌಕರರಿಗೆ ಇರುವ ಸಾಂವಿಧಾನಿಕ ರಕ್ಷಣೆ ಇವರಿಗಿಲ್ಲ. 2022ರ ಏಪ್ರಿಲ್ 25ರಂದು, ಗುಜರಾತಿನ ಮಣಿಬೆನ್ ಪ್ರಕರಣದಲ್ಲಿ, ಅದೇ ನ್ಯಾಯಾಲಯದ ಇನ್ನೊಂದು ಪೀಠ ಗೌರವಧನವೂ ವೇತನವೇ ಎಂದು ಕಂಡು ಗ್ರಾಚ್ಯುಟಿಯ ಹಕ್ಕು ಕೊಟ್ಟಿತು. ಮೊದಲನೆಯ ತೀರ್ಪು ಹುದ್ದೆಯ ಹೆಸರನ್ನು ನೋಡಿತು. ಎರಡನೆಯದು ಅವಳು ಮಾಡುವ ಕೆಲಸವನ್ನು ನೋಡಿತು.

ಬಿಸಿಯೂಟದ ಅಡುಗೆಯವರ ಸ್ಥಿತಿ ಇನ್ನೂ ಸೂಕ್ಷ್ಮ. 2009ರಲ್ಲಿ ಅವರ ಗೌರವಧನವನ್ನು ಕೇಂದ್ರ ತಿಂಗಳಿಗೆ 1000 ರೂಪಾಯಿ ಎಂದು ನಿಗದಿ ಮಾಡಿತು, ಅದೂ ವರ್ಷದಲ್ಲಿ ಹತ್ತು ತಿಂಗಳಿಗೆ. ರಾಜ್ಯಗಳು ತಮ್ಮ ಪಾಲು ಸೇರಿಸುತ್ತವೆ. 2004ರ ಏಪ್ರಿಲ್ 20ರಂದು ಆಹಾರದ ಹಕ್ಕಿನ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಅಡುಗೆಯವರ ನೇಮಕದಲ್ಲಿ ದಲಿತರಿಗೆ ಆದ್ಯತೆ ಕೊಡಿ ಎಂದು ಆದೇಶಿಸಿತ್ತು. ಒಟ್ಟಿಗೆ ಕೂತು ಉಣ್ಣುವ ಮಕ್ಕಳು ಜಾತಿಯನ್ನು ಮರೆಯಲಿ ಎಂಬುದು ಅದರ ಆಶಯ. ದಲಿತ ಮಹಿಳೆ ಅಡುಗೆ ಮಾಡಿದಳೆಂದು ಪೋಷಕರು ಮಕ್ಕಳನ್ನು ಬೇರೆ ಶಾಲೆಗೆ ಸೇರಿಸಿದ ಸುದ್ದಿಗಳು ಕೋಲಾರ, ಚಾಮರಾಜನಗರ ಜಿಲ್ಲೆಗಳಿಂದ ಬಂದಿವೆ. ಅಲ್ಲಿ ಆಕೆಯ ನೆರವಿಗೆ ಅಸ್ಪೃಶ್ಯತೆಯ ಕಾನೂನು ಇದೆ. ಆದರೆ ಅದೇ ಅಡುಗೆಮನೆಯಲ್ಲಿ ವಿಧವೆಯೆಂದು, ಮುಸ್ಲಿಮಳೆಂದು, ತೊನ್ನು ಇದೆಯೆಂದು ಒಬ್ಬಳನ್ನು ಸದ್ದಿಲ್ಲದೆ ಬಿಡಿಸಿದರೆ? ನೌಕರಳಲ್ಲದ ಆಕೆ ಯಾವ ಬಾಗಿಲು ತಟ್ಟಬೇಕು?

ಇದು ನಮ್ಮ ದೇಶದ ಕೊರತೆ ಮಾತ್ರವಲ್ಲ. ಬ್ರಿಟನ್ನಿನಲ್ಲಿ ನಾಗರಿಕ ಸಲಹಾ ಕೇಂದ್ರವೊಂದರಲ್ಲಿ ಸಂಬಳವಿಲ್ಲದೆ ಕಾನೂನು ಸಲಹೆ ಕೊಡುತ್ತಿದ್ದ ಒಬ್ಬಾಕೆ, ಅಂಗವೈಕಲ್ಯದ ಕಾರಣಕ್ಕೆ ತನ್ನನ್ನು ಕೈಬಿಟ್ಟರೆಂದು ಮೊರೆ ಹೋದಳು. 2012ರ ಡಿಸೆಂಬರ್‌ನಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್, ಒಪ್ಪಂದವಿಲ್ಲದ ಸ್ವಯಂಸೇವಕಿಗೆ ಉದ್ಯೋಗ ತಾರತಮ್ಯದ ಕಾನೂನು ಅನ್ವಯಿಸುವುದಿಲ್ಲ ಎಂದಿತು. ತಾರತಮ್ಯ ನಡೆಯಿತೋ ಇಲ್ಲವೋ ಎಂಬ ವಿಚಾರಣೆಯವರೆಗೂ ಪ್ರಕರಣ ಹೋಗಲಿಲ್ಲ.

ಗೋವಾದ ಒಬ್ಬ ರಕ್ತದಾನಿ

ಈ ನೆಲದ ಒಬ್ಬ ಯುವಕನನ್ನು ಇಲ್ಲಿ ನೆನೆಯಲೇಬೇಕು. ಬಾರ್ದೇಸ್‌ನ ಪರ್ರಾದ ಡಾಮಿನಿಕ್ ಡಿಸೋಜಾ ರಕ್ತದಾನ ಮಾಡುತ್ತಿದ್ದವರು. ಹಾಗೆ ಕೊಟ್ಟ ರಕ್ತದ ಪರೀಕ್ಷೆಯಲ್ಲಿ ಎಚ್‌ಐವಿ ಪತ್ತೆಯಾಯಿತು. 1989ರ ಫೆಬ್ರವರಿಯಲ್ಲಿ ಪೊಲೀಸರು ಅವರನ್ನು ಕರೆದೊಯ್ದರು. ಸೋಂಕಿತರನ್ನು ಪ್ರತ್ಯೇಕವಾಗಿಡಬೇಕೆಂಬ ಗೋವಾ ಸಾರ್ವಜನಿಕ ಆರೋಗ್ಯ ಕಾಯ್ದೆಯ ಅಡಿ, ಮಾಪುಸಾದ ಹಳೆಯ ಕ್ಷಯರೋಗ ಆಸ್ಪತ್ರೆಯಲ್ಲಿ 64 ದಿನ ಒಂಟಿಯಾಗಿ ಇರಿಸಿದರು. ಅವರ ತಾಯಿ ಲೂಸಿ ಡಿಸೋಜಾ ಹೈಕೋರ್ಟಿಗೆ ಹೋದರು. ಡಾಮಿನಿಕ್ ಹೊರಬಂದರೂ ನ್ಯಾಯಾಲಯ ಆ ನಿಯಮವನ್ನು ರದ್ದು ಮಾಡಲಿಲ್ಲ. ಡಾಮಿನಿಕ್ ಸುಮ್ಮನೆ ಕೂರಲಿಲ್ಲ. ತನ್ನಂಥವರಿಗಾಗಿ ‘ಪಾಸಿಟಿವ್ ಪೀಪಲ್’ ಸಂಸ್ಥೆಯನ್ನು ಕಟ್ಟಿದರು, 1992ರಲ್ಲಿ ತೀರಿಕೊಂಡರು.

ಅಪರಿಚಿತರ ಜೀವ ಉಳಿಸಲೆಂದು ರಕ್ತ ಕೊಟ್ಟವನನ್ನು ಬಂಧಿಸಿದ ಘಟನೆ ನಮ್ಮ ಕಾನೂನನ್ನು ನಿಧಾನವಾಗಿ ಬದಲಿಸಿತು. 2017ರಲ್ಲಿ ಸಂಸತ್ತು ಎಚ್‌ಐವಿ ಮತ್ತು ಏಡ್ಸ್ ಕಾಯ್ದೆಯನ್ನು ಅಂಗೀಕರಿಸಿತು. 2018ರ ಸೆಪ್ಟೆಂಬರ್ 10ರಿಂದ ಅದು ಜಾರಿಗೆ ಬಂತು. ಯಾವುದೇ ವ್ಯಕ್ತಿ ತಾರತಮ್ಯ ಮಾಡಬಾರದು ಎನ್ನುವ ಆ ಕಾಯ್ದೆ ಉದ್ಯೋಗ ಮಾತ್ರವಲ್ಲದೆ ಕಸುಬು, ಚಿಕಿತ್ಸೆ, ಶಿಕ್ಷಣ, ವಸತಿಗಳನ್ನೂ ಹೆಸರಿಸುತ್ತದೆ. ಸರ್ಕಾರಿ, ಖಾಸಗಿ ಎಂಬ ಗೆರೆಯನ್ನು ಅಳಿಸಿದ ಅಪರೂಪದ ಕಾನೂನು ಅದು.

ಬೀಜ ನಮ್ಮಲ್ಲೇ ಇದೆ

ಸ್ವಯಂಸೇವಕರನ್ನು ಒಳಗೊಳ್ಳುವುದು ಹೇಗೆ ಎಂದು ಹುಡುಕಲು ದೂರ ಹೋಗಬೇಕಿಲ್ಲ. ಭಂವರಿ ದೇವಿ ರಾಜಸ್ಥಾನ ಸರ್ಕಾರದ ಮಹಿಳಾ ಅಭಿವೃದ್ಧಿ ಕಾರ್ಯಕ್ರಮದಲ್ಲಿ ಸಾಥಿನ್ ಆಗಿದ್ದರು, ಹಳ್ಳಿಯ ಮಟ್ಟದಲ್ಲಿ ಗೌರವಧನಕ್ಕೆ ದುಡಿಯುತ್ತಿದ್ದರು. ಬಾಲ್ಯವಿವಾಹ ತಡೆಯಲು ಹೋದುದಕ್ಕೆ 1992ರಲ್ಲಿ ಅವರ ಮೇಲೆ ಸಾಮೂಹಿಕ ಅತ್ಯಾಚಾರ ನಡೆಯಿತು. ಆ ಘಟನೆಯಿಂದ ಹುಟ್ಟಿದ ವಿಶಾಖಾ ಪ್ರಕರಣದಲ್ಲಿ 1997ರ ಆಗಸ್ಟ್ 13ರಂದು ಸುಪ್ರೀಂ ಕೋರ್ಟ್ ಮಾರ್ಗಸೂಚಿ ಕೊಟ್ಟಿತು. 2013ರಲ್ಲಿ ಅದು ಕೆಲಸದ ಸ್ಥಳದಲ್ಲಿ ಮಹಿಳೆಯರ ಮೇಲಿನ ಲೈಂಗಿಕ ಕಿರುಕುಳ ತಡೆ ಕಾಯ್ದೆಯಾಯಿತು.

ಆ ಕಾಯ್ದೆಯಲ್ಲಿ ಉದ್ಯೋಗಿ ಎಂದರೆ ಯಾರು ಎಂಬ ವ್ಯಾಖ್ಯೆಯನ್ನು ನೀವೆಲ್ಲ ಒಮ್ಮೆ ಓದಬೇಕು. ಕಾಯಂ, ತಾತ್ಕಾಲಿಕ, ದಿನಗೂಲಿ, ಗುತ್ತಿಗೆ, ತರಬೇತಿ, ಸಂಭಾವನೆ ಇರಲಿ ಇಲ್ಲದಿರಲಿ, ಸ್ವಯಂಸೇವೆಯ ಮೇಲೆ ದುಡಿಯುತ್ತಿರಲಿ, ಎಲ್ಲರೂ ಅದರೊಳಗೆ ಬರುತ್ತಾರೆ. ಸಂಬಳವಿಲ್ಲದ ದುಡಿಮೆಗೂ ರಕ್ಷಣೆ ಕೊಡಬಹುದು, ಅದರಿಂದ ಸಂಸ್ಥೆಗಳು ಮುಳುಗುವುದಿಲ್ಲ ಎಂದು ಈ ಕಾಯ್ದೆ ವರ್ಷಗಳಿಂದ ತೋರಿಸುತ್ತ ಬಂದಿದೆ. ಗೋವಾ ವಿಶ್ವವಿದ್ಯಾಲಯದಿಂದ ಸುಪ್ರೀಂ ಕೋರ್ಟಿಗೆ ಹೋದ ಪ್ರಕರಣವೊಂದರಲ್ಲಿ 2023ರ ಮೇ ತಿಂಗಳಲ್ಲಿ, ದೂರು ಸಮಿತಿಗಳು ಕಾಗದದಲ್ಲಿ ಮಾತ್ರ ಇದ್ದರೆ ಸಾಲದು ಎಂದು ನ್ಯಾಯಾಲಯ ದೇಶಕ್ಕೆಲ್ಲ ನಿರ್ದೇಶನ ಕೊಟ್ಟಿತು. ಲೈಂಗಿಕ ಕಿರುಕುಳಕ್ಕೆ ಬಿಡಿಸಿದ ಈ ಕೊಡೆಯಡಿ ಜಾತಿ, ಧರ್ಮ, ಭಾಷೆ, ಅಂಗವೈಕಲ್ಯದ ಅವಮಾನವನ್ನೂ ತಂದರೆ ಸಾಕು.

ಅಂಗವಿಕಲರ ಹಕ್ಕುಗಳ 2016ರ ಕಾಯ್ದೆಯಿಂದ ಸಮಂಜಸ ಹೊಂದಾಣಿಕೆ ಎಂಬ ತತ್ವವನ್ನು ತೆಗೆದುಕೊಳ್ಳಬಹುದು. ಅತಿಯಾದ ಹೊರೆ ಬೀಳದ ಮಟ್ಟಿಗೆ ವ್ಯವಸ್ಥೆ ತಾನೇ ಬದಲಾಗಬೇಕು ಎಂಬುದು ಅದರ ಸಾರ. 2021ರಲ್ಲಿ ವಿಕಾಸ್ ಕುಮಾರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದನ್ನು ಸಮಾನತೆಯ ಭಾಗವೆಂದೇ ಕಂಡಿತು. ಪೇಟ ಧರಿಸಿದ ಸಿಖ್ಖರಿಗೆ ಹೆಲ್ಮೆಟ್‌ನಿಂದ ಮೋಟಾರು ವಾಹನ ಕಾಯ್ದೆ ವಿನಾಯಿತಿ ಕೊಟ್ಟಿರುವುದೂ ಇಂಥದೇ ಹೊಂದಾಣಿಕೆ.

ಕಾನೂನು ಹೇಗಿರಬೇಕು

ನಾನು ಬಯಸುವ ಕಾನೂನಿನ ಮುಖ್ಯ ಅಂಶಗಳು ಐದು.

ಒಂದು, ರಕ್ಷಣೆ ಸಿಗಬೇಕಾದವರನ್ನು ಅವರ ಹುದ್ದೆಯ ಹೆಸರಿನಿಂದಲ್ಲ, ಮಾಡುವ ಕೆಲಸದಿಂದ ಗುರುತಿಸಬೇಕು. ಅಂಗನವಾಡಿ, ಆಶಾ, ಬಿಸಿಯೂಟ, ಗೃಹರಕ್ಷಕ ದಳ, ತರಬೇತಿಗೆ ಬಂದ ವಿದ್ಯಾರ್ಥಿ, ಸಂಘಸಂಸ್ಥೆಗಳ ಸ್ವಯಂಸೇವಕರು ಎಲ್ಲರೂ ಒಳಗೆ ಬರಬೇಕು.

ಎರಡು, ಧರ್ಮ, ಜಾತಿ, ಲಿಂಗಗಳ ಜೊತೆಗೆ ಭಾಷೆ, ಲಿಂಗತ್ವ, ಅಂಗವೈಕಲ್ಯ, ಆರೋಗ್ಯ ಸ್ಥಿತಿ, ಮೂಲಸ್ಥಳ ಪಟ್ಟಿಯಲ್ಲಿರಬೇಕು. ಇವು ಹೊರಗೆ ಕಾಣುವ ರೂಪಗಳಾದ ಉಡುಪು, ಕೂದಲು, ಗುರುತು, ಹೆಸರು, ಉಚ್ಚಾರಗಳನ್ನು ಬಿಡಿಸಿ ಬರೆಯಬೇಕು.

ಮೂರು, ಮಿತಿಗಳೂ ಸ್ಪಷ್ಟವಾಗಿರಬೇಕು. ಔಷಧ ತಯಾರಿಸುವ ಶುದ್ಧ ಕೊಠಡಿಯಲ್ಲಿ ಉಂಗುರ, ಬಳೆ, ಸಡಿಲ ಬಟ್ಟೆ ಇರಬಾರದು ಎಂಬ ನಿಯಮ ಎಲ್ಲರ ಜೀವ ಕಾಯುವ ನಿಯಮ. ಈ ವಸಾಹತುವಿನಲ್ಲಿ ದುಡಿಯುವ ನಿಮಗೆ ಅದು ಗೊತ್ತು. ಸೇನೆಯಂಥ ಶಿಸ್ತಿನ ಪಡೆಗಳಲ್ಲಿ ಬಿಗಿ ನಿಯಮವನ್ನು ಸುಪ್ರೀಂ ಕೋರ್ಟ್ ಒಪ್ಪಿದೆ. 2016ರಲ್ಲಿ ವಾಯುಪಡೆಯ ಸಿಬ್ಬಂದಿಯ ಗಡ್ಡದ ಪ್ರಕರಣದಲ್ಲಿ ಅದೇ ಆಯಿತು. ಆದರೆ ಸುರಕ್ಷತೆಯ ಹೆಸರು ಹೇಳಿದರೆ ಸಾಲದು. ಅಪಾಯ ಏನೆಂದು ತೋರಿಸುವ ಹೊಣೆ ನಿಯಮ ಮಾಡಿದವರದು.

ನಾಲ್ಕು, ಪೂಜೆ, ಪ್ರಾರ್ಥನೆಗಳಲ್ಲಿ ಧಾರ್ಮಿಕ ಸಂಸ್ಥೆಗಳ ಸ್ವಾತಂತ್ರ್ಯ ಉಳಿಯಬೇಕು. ಚರ್ಚಿನ ಬಲಿಪೂಜೆಯಲ್ಲಿ, ಮಸೀದಿಯ ನಮಾಜಿನಲ್ಲಿ ಯಾರು ಮುಂದೆ ನಿಲ್ಲಬೇಕೆಂಬುದನ್ನು ಸ್ವಯಂಸೇವಕರ ಕಾನೂನು ಹೇಳಬಾರದು. ಅದೇ ಸಂಸ್ಥೆ ಆಸ್ಪತ್ರೆಯನ್ನೋ ಪರಿಹಾರ ಶಿಬಿರವನ್ನೋ ನಡೆಸಿದರೆ ಅಲ್ಲಿ ಸಮಾನತೆಯ ನಿಯಮ ಪೂರ್ತಿ ಅನ್ವಯಿಸಬೇಕು.

ಐದು, ದೂರು ಕೊಡುವ ಜಾಗ ಹತ್ತಿರದಲ್ಲಿ, ತಿಳಿದ ಭಾಷೆಯಲ್ಲಿ ಇರಬೇಕು. ಸ್ವಯಂಸೇವಕಿಯನ್ನು ಕ್ರಿಮಿನಲ್ ಮೊಕದ್ದಮೆಯ ದಾರಿಗೆ ತಳ್ಳದೆ, ತಪ್ಪು ತಿದ್ದುವ, ಮತ್ತೆ ಸೇರಿಸಿಕೊಳ್ಳುವ, ಪರಿಹಾರ ಕೊಡಿಸುವ ಅಧಿಕಾರ ಜಿಲ್ಲಾ ಮಟ್ಟದಲ್ಲಿರಬೇಕು.

ಚಿಕ್ಕ ಸಂಘಗಳಿಗೆ ಇದು ಹೊರೆಯಾಗುವುದಿಲ್ಲವೇ ಎಂದು ಕೇಳುವವರಿದ್ದಾರೆ. ಕೆಲಸಕ್ಕೆ ಸಂಬಂಧವಿಲ್ಲದ ಕಾರಣಕ್ಕೆ ಯಾರನ್ನೂ ಹೊರಹಾಕಬೇಡಿ ಎಂಬುದಕ್ಕೆ ಹಣ ಬೇಕಿಲ್ಲ, ಕಚೇರಿ ಬೇಕಿಲ್ಲ. ಖಾಸಗಿಯವರನ್ನು ಸಂವಿಧಾನದ ಹಕ್ಕಿಗೆ ಕಟ್ಟುವುದು ಹೇಗೆ ಎಂದು ಕೇಳುವವರಿಗೆ 2023ರ ಜನವರಿಯ ಕೌಶಲ್ ಕಿಶೋರ್ ತೀರ್ಪು ಉತ್ತರ ಕೊಡುತ್ತದೆ. 19 ಮತ್ತು 21ನೇ ವಿಧಿಗಳ ಹಕ್ಕುಗಳನ್ನು ಸರ್ಕಾರವಲ್ಲದವರ ಎದುರೂ ಜಾರಿಗೊಳಿಸಬಹುದು ಎಂದು ಸಂವಿಧಾನ ಪೀಠ ಅಂದು ಹೇಳಿತು. 2014ರ ಚಾರು ಖುರಾನಾ ಪ್ರಕರಣದಲ್ಲಿ, ಸಿನಿಮಾ ಪ್ರಸಾಧನ ಕಲಾವಿದರ ಸಂಘವೊಂದು ಮಹಿಳೆಯರನ್ನು ಹೊರಗಿಟ್ಟ ನಿಯಮವನ್ನೂ, ಮಹಾರಾಷ್ಟ್ರದಲ್ಲಿ ಐದು ವರ್ಷ ನೆಲೆಸಿರಬೇಕೆಂಬ ಷರತ್ತನ್ನೂ ಸುಪ್ರೀಂ ಕೋರ್ಟ್ ಒಟ್ಟಿಗೆ ತೆಗೆದುಹಾಕಿತು. ಊರು ಬಿಟ್ಟು ದುಡಿಯುವ ನಮ್ಮಂಥವರಿಗೆ ಆ ತೀರ್ಪು ಬಹಳ ದೊಡ್ಡದು.

ನಮ್ಮ ಹೊಣೆ

ಇಷ್ಟು ಕೇಳುವ ನಾವು ಕೊಡಲೂ ಸಿದ್ಧರಿರಬೇಕು. 2024ರ ಜುಲೈನಲ್ಲಿ ಕರ್ನಾಟಕದ ಸಚಿವ ಸಂಪುಟ ಒಪ್ಪಿದ್ದ ಸ್ಥಳೀಯರ ಉದ್ಯೋಗ ಮಸೂದೆ ಖಾಸಗಿ ಸಂಸ್ಥೆಗಳ ಆಡಳಿತ ಹುದ್ದೆಗಳಲ್ಲಿ ಶೇ 50, ಉಳಿದವುಗಳಲ್ಲಿ ಶೇ 70 ಸ್ಥಳೀಯರಿಗೆ ಎಂದಿತ್ತು. ಕೆಲವೇ ದಿನಗಳಲ್ಲಿ ಅದನ್ನು ತಡೆಹಿಡಿಯಲಾಯಿತು. ಹರಿಯಾಣದ ಶೇ 75ರ ಕಾನೂನನ್ನು ಅಲ್ಲಿನ ಹೈಕೋರ್ಟ್ 2023ರ ನವೆಂಬರ್‌ನಲ್ಲಿ ರದ್ದು ಮಾಡಿತ್ತು. ಇಂಥದೇ ಕಾನೂನು ನಾಳೆ ಗೋವಾದಲ್ಲಿ ಬಂದರೆ ಕೊರ್ಲಿಮ್‌ನ ಗೇಟಿನ ಹೊರಗೆ ನಿಲ್ಲುವವರು ನಾವೇ. ಕನ್ನಡದ ಮೇಲಿನ ಪ್ರೀತಿ ನನಗೆ ಯಾರಿಗಿಂತಲೂ ಕಡಿಮೆಯಿಲ್ಲ. ಬೆಂಗಳೂರಿಗೆ ದುಡಿಯಲು ಬಂದವರು ಕನ್ನಡ ಕಲಿಯಲಿ ಎಂದು ಬಯಸುವಷ್ಟೇ ಬಲವಾಗಿ, ಕಲಿಯುವವರೆಗೆ ಅವರನ್ನು ಅವಮಾನಿಸಬಾರದು ಎಂದೂ ಬಯಸುತ್ತೇನೆ. ಗೋವಾದಲ್ಲಿ ನೆಲೆಸಿದ ನಾವು ಕೊಂಕಣಿಯನ್ನು ಪ್ರೀತಿಯಿಂದ ಕಲಿಯಬೇಕು. 1987ರಲ್ಲಿ ರಾಜ್ಯದ ಸ್ಥಾನವನ್ನೂ ತಮ್ಮ ಭಾಷೆಗೆ ರಾಜಭಾಷೆಯ ಮನ್ನಣೆಯನ್ನೂ ಪಡೆದ ಈ ಪುಟ್ಟ ನಾಡಿನ ಜನರ ಆತಂಕವನ್ನು ಅರ್ಥಮಾಡಿಕೊಳ್ಳಬೇಕು.

ಇನ್ನೂ ಹತ್ತಿರದ ಕೆಲಸವೊಂದಿದೆ. ನಮ್ಮ ರಾಜ್ಯೋತ್ಸವಗಳಲ್ಲಿ, ಸಂಘಗಳಲ್ಲಿ ಅಡುಗೆಗೆ ಯಾರನ್ನು ಕರೆಯುತ್ತೇವೆ? ವೇದಿಕೆಯ ಮೇಲೆ ಯಾರನ್ನು ಕೂರಿಸುತ್ತೇವೆ? ಚಪ್ಪರ ಹಾಕಲು ಮಾತ್ರ ಯಾರ ನೆನಪಾಗುತ್ತದೆ? ಲಂಬಾಣಿ ತಾಂಡಾದವರು, ಮುಸ್ಲಿಂ ಕನ್ನಡಿಗರು, ಜೋಗತಿಯರು, ದಲಿತ ಕೇರಿಯವರು ನಮ್ಮ ಸಮಿತಿಗಳಲ್ಲಿ ಇದ್ದಾರೆಯೇ? ಶಾಸನಕ್ಕೆ ಕಾಯದೆ ನಾವು ಇಂದೇ ಮಾಡಬಹುದಾದದ್ದು ಇದು. ಗೋವಾದ ಪ್ರತಿ ಕನ್ನಡ ಸಂಘವೂ ತನ್ನ ನಿಯಮಾವಳಿಗೆ ಒಂದು ಪುಟ ಸೇರಿಸಲಿ: ಇಲ್ಲಿ ಸೇವೆಗೆ ಬರುವ ಯಾರನ್ನೂ ಜಾತಿ, ಧರ್ಮ, ಲಿಂಗ, ಕಾಯಿಲೆ, ಉಡುಪು, ಮಾತಿನ ಧಾಟಿಯ ಕಾರಣಕ್ಕೆ ದೂರವಿಡುವುದಿಲ್ಲ, ಹಾಗೇನಾದರೂ ಆದರೆ ದೂರನ್ನು ಕೇಳಲು ಇಬ್ಬರು ಇರುತ್ತಾರೆ, ಅವರಲ್ಲಿ ಒಬ್ಬರು ಮಹಿಳೆ. ಆ ಪುಟವನ್ನು ಸರ್ವಸದಸ್ಯರ ಸಭೆಯಲ್ಲಿ ಓದಿ ಒಪ್ಪಲಿ. ಅದರ ಪ್ರತಿಯೊಂದನ್ನು ಇಲ್ಲಿಯ ಶಾಸಕರಿಗೂ, ಕರ್ನಾಟಕದ ಶಾಸಕರಿಗೂ ಕಳಿಸಿ, ನಾವು ಮಾಡಿ ತೋರಿಸಿದ್ದೇವೆ, ಇದನ್ನು ಕಾನೂನು ಮಾಡಿ ಎಂದು ಕೇಳಲಿ. ಮೊದಲು ಪಾಲಿಸಿ ಆಮೇಲೆ ಕೇಳುವವರ ಬೇಡಿಕೆಯನ್ನು ಯಾವ ಸರ್ಕಾರವೂ ಹಗುರವಾಗಿ ಕಾಣಲಾರದು.